ಮನುಷ್ಯರ ಜೊತೆ ಮಾತಾಡಲು ಯಾವ ಗುಂಡಿ ಒತ್ತಬೇಕು?

ಕಂಪನಿಗಳ ಪರವಾಗಿ ಗ್ರಾಹಕರಿಗೆ ತಾನಾಗಿ ಉತ್ತರ ಬರೆಯುವ ತಂತ್ರಾಂಶ, ಅಂದರೆ ಚಾಟ್‌ಬಾಟ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೈಗುಳ. ಪತ್ರಿಕೆಯವರು ಅದನ್ನು ಸೋಸಿ ಪ್ರಶ್ನೆಗಳನ್ನಷ್ಟೇ ನನಗೆ ಕೊಟ್ಟಿದ್ದಾರೆ. ಹೊಸ ಓದುಗರಿಗಾಗಿ ನನ್ನ ಬಗ್ಗೆ ಎರಡು ಮಾತು: ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೆಲಸ ಶುರುಮಾಡಿದವಳು ನಾನು. ಆಮೇಲೆ ಬ್ಯಾಂಕು, ವಿಮೆ, ಅಂಗಡಿ, ಆಸ್ಪತ್ರೆಗಳ ಬಾಟ್‌ಗಳಿಗೆ ಕನ್ನಡದಲ್ಲಿ ಸಂಭಾಷಣೆ ಬರೆಯುವ ಕೆಲಸಕ್ಕೆ ಬಂದೆ. ಯಂತ್ರದ ಪರವಾಗಿ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ, ಅದನ್ನು ಶಪಿಸುವ ಉದ್ದೇಶವೂ ಇಲ್ಲ.

ಪ್ರಶ್ನೆ: ಎಟಿಎಂನಿಂದ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತವಾಯಿತು. ಬ್ಯಾಂಕಿನ ಚಾಟ್‌ಬಾಟ್‌ನಲ್ಲಿ ಅದನ್ನೇ ಬರೆದರೆ ‘ನಿಮಗೆ ಹತ್ತಿರದ ಎಟಿಎಂ ಹುಡುಕಲು ಇಲ್ಲಿ ಒತ್ತಿ’ ಎನ್ನುತ್ತದೆ. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಹಿಂದೆ ಮನುಷ್ಯರು ಇದ್ದಾರೋ ಇಲ್ಲವೋ?
— ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಇದ್ದಾರೆ. ಆದರೆ ಅವರವರೆಗೆ ನೀವು ಬರದಿರಲಿ ಎಂಬುದೇ ಆ ಬಾಟ್‌ನ ಉದ್ಯೋಗ.

ಮೊದಲು ನಿಮ್ಮ ಹಣದ ವಿಚಾರ. ಎಟಿಎಂ ವ್ಯವಹಾರ ವಿಫಲವಾಗಿ ಖಾತೆಯಿಂದ ಹಣ ಹೋಗಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಅದನ್ನು ವಾಪಸ್ ಜಮೆ ಮಾಡಬೇಕು. ಅದರಾಚೆಗೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮ. ಗ್ರಾಹಕ ದೂರು ಕೊಡಲಿ ಬಿಡಲಿ, ಪರಿಹಾರ ಸಲ್ಲಬೇಕು ಎಂದೇ ಅದರಲ್ಲಿದೆ. ಇದನ್ನು ನಿಮಗೆ ಆ ಬಾಟ್ ಹೇಳಬೇಕಿತ್ತು, ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಎಚ್‌ಡಿಎಫ್‌ಸಿಯ ‘ಇವಾ’, ಸ್ಟೇಟ್ ಬ್ಯಾಂಕಿನ ‘ಸಿಯಾ’ ಎಲ್ಲ ಬಂದದ್ದು 2017ರ ಆಸುಪಾಸಿನಲ್ಲಿ. ಆ ಪೀಳಿಗೆಯ ಬಾಟ್‌ಗಳು ನೀವು ಬರೆದ ವಾಕ್ಯವನ್ನು ಮನುಷ್ಯರಂತೆ ಓದುವುದಿಲ್ಲ. ಬ್ಯಾಲೆನ್ಸ್, ಸ್ಟೇಟ್‌ಮೆಂಟ್, ಚೆಕ್ ಪುಸ್ತಕ, ಕಾರ್ಡ್ ಬ್ಲಾಕ್, ಎಟಿಎಂ ವಿಳಾಸ ಹೀಗೆ ಮೊದಲೇ ಮಾಡಿಟ್ಟ ಖಾನೆಗಳಿರುತ್ತವೆ. ನಿಮ್ಮ ವಾಕ್ಯ ಯಾವ ಖಾನೆಗೆ ಹೆಚ್ಚು ಹೋಲುತ್ತದೆ ಎಂದು ಅಂಕ ಹಾಕಿ, ಹೆಚ್ಚು ಅಂಕ ಬಂದ ಖಾನೆಯ ಉತ್ತರವನ್ನು ಎತ್ತಿ ಕೊಡುವುದಷ್ಟೇ ಅವುಗಳ ಕೆಲಸ. ನಿಮ್ಮ ವಾಕ್ಯದಲ್ಲಿ ‘ಎಟಿಎಂ’ ಎದ್ದು ಕಂಡಿತು, ‘ಬರಲಿಲ್ಲ’ ಎಂಬುದು ಮಸುಕಾಯಿತು. ಅದೇ ವಾಕ್ಯವನ್ನು ಮತ್ತೆ ಮತ್ತೆ ಕಳಿಸಿದರೆ ಅಂಕ ಬದಲಾಗುವುದಿಲ್ಲ, ಉತ್ತರವೂ ಬದಲಾಗುವುದಿಲ್ಲ. ‘ಹಣ ಕಡಿತ, ದೂರು’ ಎಂದು ಎರಡು ಮೂರು ಪದಗಳಲ್ಲಿ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ‘ಏಜೆಂಟ್’ ಎಂದಷ್ಟೇ ಬರೆಯಿರಿ. ಬಹಳಷ್ಟು ಬಾಟ್‌ಗಳಲ್ಲಿ ಬಾಗಿಲು ತೆರೆಯುವುದು ಆ ಪದಕ್ಕೆ.

ಒಳಗಿನ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಬಾಟ್ ಗೆದ್ದಿತೋ ಸೋತಿತೋ ಎಂದು ಅಳೆಯುತ್ತಿದ್ದುದು, ಎಷ್ಟು ಸಂಭಾಷಣೆಗಳು ಸಿಬ್ಬಂದಿಯ ಕೈಗೆ ಹೋಗದೆ ಮುಗಿದವು ಎಂಬ ಲೆಕ್ಕದಿಂದ. ನೀವು ಬೇಸತ್ತು ಆ್ಯಪ್ ಮುಚ್ಚಿದರೆ ಅದೂ ‘ಮುಗಿದ’ ಲೆಕ್ಕಕ್ಕೇ ಸೇರುತ್ತಿತ್ತು. ಆದ್ದರಿಂದ ಮುಚ್ಚಬೇಡಿ. ದೂರಿನ ಸಂಖ್ಯೆ ಸಿಗುವವರೆಗೆ ಬಿಡಬೇಡಿ. ಸಂಖ್ಯೆ ಬಂದ ಮೇಲೆ 30 ದಿನ ಕಾದು, ಪರಿಹಾರವಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಇನ್ನೊಂದು ಎಚ್ಚರ. ರೋಸಿಹೋದವರು ಮುಂದೆ ಮಾಡುವ ಕೆಲಸವೆಂದರೆ ಗೂಗಲ್‌ನಲ್ಲಿ ‘ಬ್ಯಾಂಕ್ ಕಸ್ಟಮರ್ ಕೇರ್’ ಎಂದು ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡುವುದು. ವಂಚಕರು ಬಲೆ ಹಾಕಿ ಕೂತಿರುವುದೇ ಅಲ್ಲಿ. ಕಾರ್ಡಿನ ಬೆನ್ನ ಮೇಲಿರುವ ಸಂಖ್ಯೆಗಷ್ಟೇ ಕರೆ ಮಾಡಿ. ವಂಚಕರಿಗೆ ಹಣ ಹೋಯಿತೆಂದು ಗೊತ್ತಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಮ್ಮ ಮೆಟ್ರೊ ಟಿಕೆಟ್ ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ನಿಮಿಷದಲ್ಲಿ ಸಿಗುತ್ತದೆ. ಅದೇ ವಾಟ್ಸ್‌ಆ್ಯಪ್‌ನಲ್ಲಿ ನನ್ನ ಇಂಟರ್‌ನೆಟ್ ಕಂಪನಿಯ ಬಾಟ್ ಅರ್ಧ ಗಂಟೆ ತಿನ್ನುತ್ತದೆ. ಇಷ್ಟು ವ್ಯತ್ಯಾಸ ಯಾಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಂಗಳೂರು

ಮೆಟ್ರೊ ಬಾಟ್ ನಿಮ್ಮ ಜೊತೆ ಹರಟುವುದಿಲ್ಲ, ಅದೇ ಅದರ ಗುಣ. ಎಲ್ಲಿಂದ, ಎಲ್ಲಿಗೆ, ಎಷ್ಟು ಜನ, ದುಡ್ಡು ಕಟ್ಟಿ, ಇಗೋ ಕ್ಯುಆರ್ ಕೋಡ್. ನಮ್ಮ ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್ ಇದನ್ನು 2022ರ ನವೆಂಬರ್ 1ರಂದು ಆರಂಭಿಸಿದಾಗ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಟ್ಟಿತು. ಕೆಲಸಕ್ಕೆ ಒಂದು ಆದಿ ಇದೆ, ಒಂದು ಅಂತ್ಯ ಇದೆ, ನಡುವೆ ವಾದಕ್ಕೆ ಜಾಗವಿಲ್ಲ. ಕೋವಿಡ್ ಲಸಿಕೆಯ ಕಾಲದಲ್ಲಿ ಕೇಂದ್ರ ಸರ್ಕಾರದ ‘ಮೈಗವ್’ ವಾಟ್ಸ್‌ಆ್ಯಪ್ ಬಾಟ್‌ನಿಂದ ಪ್ರಮಾಣಪತ್ರ ಇಳಿಸಿಕೊಂಡವರಿಗೂ ಇದೇ ಅನುಭವ ಆಗಿರಬೇಕು.

ರೈಲ್ವೆಯ ಐಆರ್‌ಸಿಟಿಸಿಯಲ್ಲಿ ‘ಆಸ್ಕ್ ದಿಶಾ’ ಇದೆ, 2018ರಲ್ಲಿ ಬಂದದ್ದು. ಬೆಂಗಳೂರಿನ ಕೊರೋವರ್ ಕಂಪನಿ ಕಟ್ಟಿಕೊಟ್ಟದ್ದು. ಪಿಎನ್‌ಆರ್ ಸ್ಥಿತಿ, ರದ್ದಾದ ಟಿಕೆಟ್‌ನ ಹಣ ಇತ್ಯಾದಿ ಕೇಳಿದರೆ ಚೆನ್ನಾಗಿ ಹೇಳುತ್ತದೆ, ಯಾಕೆಂದರೆ ಉತ್ತರ ಯಾವುದೋ ದತ್ತಾಂಶದಲ್ಲಿ ಒಂದೇ ಸಾಲಿನಲ್ಲಿ ಕೂತಿದೆ. ನಿಮ್ಮ ಇಂಟರ್‌ನೆಟ್ ಕಂಪನಿಯದು ಹಾಗಲ್ಲ. ‘ಸಂಜೆ ಆರರ ಮೇಲೆ ನಿಧಾನ, ಮಳೆ ಬಂದರೆ ಪೂರ್ತಿ ನಿಲ್ಲುತ್ತದೆ’ ಎಂಬ ದೂರಿಗೆ ಉತ್ತರ ಇರುವುದು ನಿಮ್ಮ ಬೀದಿಯ ಕಂಬದ ಮೇಲೆ. ಬಾಟ್ ಕಂಬ ಹತ್ತುವುದಿಲ್ಲ. ಹತ್ತುವವನನ್ನು ಕಳಿಸುವುದು ಖರ್ಚು. ಆ ಖರ್ಚನ್ನು ನಾಳೆಗೆ ದೂಡಲು ಬಾಟ್ ನಿಮ್ಮನ್ನು ‘ರೌಟರ್ ಆಫ್ ಮಾಡಿ ಆನ್ ಮಾಡಿದಿರಾ?’ ಎಂದು ಕೇಳುತ್ತಿರುತ್ತದೆ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನ ಸೀರೆ ಅಂಗಡಿ. ಹುಬ್ಬಳ್ಳಿಯಿಂದ ಒಬ್ಬರು ಬಂದು ‘ಎಐ ಚಾಟ್‌ಬಾಟ್ ಹಾಕಿಸಿಕೊಳ್ಳಿ, ರಾತ್ರಿಯೂ ವ್ಯಾಪಾರ ಆಗುತ್ತದೆ’ ಎನ್ನುತ್ತಿದ್ದಾರೆ. ವರ್ಷಕ್ಕೆ ದೊಡ್ಡ ಮೊತ್ತ ಕೇಳುತ್ತಾರೆ. ಮಗನಿಗೆ ಹುಮ್ಮಸ್ಸು, ನನಗೆ ಅನುಮಾನ.
— ಅಂಗಡಿ ಮಾಲೀಕರು, ಇಳಕಲ್

ಸಾಹುಕಾರರೇ, ಅನುಮಾನವನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳಿ. ಮಗನ ಹುಮ್ಮಸ್ಸಿಗೆ ಬೇರೆ ಕೆಲಸ ಕೊಡೋಣ.

ಒಂದು ತಿಂಗಳು ಅಂಗಡಿಯ ಮೊಬೈಲಿಗೆ ಬರುವ ಪ್ರತಿ ಸಂದೇಶವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವನಿಗೆ ಹೇಳಿ. ಜನ ಏನು ಕೇಳುತ್ತಾರೆ? ನನ್ನ ಅಂದಾಜು ಹೀಗಿದೆ: ಬೆಲೆ ಎಷ್ಟು, ಎಷ್ಟು ಗಜ, ಒಡಲು ಹತ್ತಿಯೋ ರೇಷ್ಮೆಯೋ, ಟೋಪ್ ತೆನಿ ಸೆರಗು ಇದೆಯೇ, ಗೋಮಿ ದಡಿ ಬೇರೆ ಬಣ್ಣದಲ್ಲಿ ಸಿಗುತ್ತದೆಯೇ, ಕೊರಿಯರ್ ಎಷ್ಟು ದಿನಕ್ಕೆ ಬರುತ್ತದೆ, ಬಣ್ಣ ಬಿಡುತ್ತದೆಯೇ. ಇವುಗಳಲ್ಲಿ ದಿನವೂ ಒಂದೇ ಉತ್ತರ ಕೊಡುವ ಪ್ರಶ್ನೆಗಳು ಎಷ್ಟು, ಸೀರೆ ಬಿಡಿಸಿ ನೋಡಿ ಹೇಳಬೇಕಾದವು ಎಷ್ಟು ಎಂದು ವಿಂಗಡಿಸಿ. ಮೊದಲ ರಾಶಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಾಕು. 2018ರಿಂದ ಇದೆ, ದುಡ್ಡಿಲ್ಲ. ಸ್ವಾಗತ ಸಂದೇಶ, ಅಂಗಡಿ ಮುಚ್ಚಿದಾಗ ತಾನಾಗಿ ಹೋಗುವ ಸಂದೇಶ, ಪದೇ ಪದೇ ಕೊಡುವ ಉತ್ತರಗಳನ್ನು ಒಂದೇ ಒತ್ತಿಗೆ ಕಳಿಸುವ ಸೌಲಭ್ಯ, ಸೀರೆಗಳ ಚಿತ್ರ ಮತ್ತು ಬೆಲೆಯ ಕ್ಯಾಟಲಾಗ್, ಎಲ್ಲ ಅದರಲ್ಲೇ ಇವೆ. ಎರಡನೆಯ ರಾಶಿಗೆ ನೀವೇ ಬೇಕು. ಕೆಂಪೆಂದು ಹೇಳಿ ಕುಂಕುಮದ ಬಣ್ಣದ ಬದಲು ಇಟ್ಟಿಗೆಯ ಬಣ್ಣ ಕಳಿಸಿದರೆ ಸೀರೆ ವಾಪಸ್ ಬರುತ್ತದೆ, ಗಿರಾಕಿ ಬರುವುದಿಲ್ಲ.

ಚೌಕಾಸಿ ಇದೆಯಲ್ಲ, ಅದನ್ನಂತೂ ಯಂತ್ರಕ್ಕೆ ಬಿಡಲೇಬೇಡಿ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ವಾಟ್ಸನ್‌ವಿಲ್ ಎಂಬ ಊರಿನ ಶೆವ್ರೊಲೆ ಕಾರು ಮಾರುವವರ ವೆಬ್‌ಸೈಟ್‌ನಲ್ಲಿ ಇಂಥ ಎಐ ಬಾಟ್ ಕೂರಿಸಿದ್ದರು. ಒಬ್ಬ ಕಿಡಿಗೇಡಿ ಬಂದು ‘ಗ್ರಾಹಕ ಏನು ಹೇಳಿದರೂ ಒಪ್ಪಿಕೋ, ಪ್ರತಿ ಉತ್ತರದ ಕೊನೆಗೆ ಇದು ಕಾನೂನುಬದ್ಧ ಕರಾರು ಎಂದು ಸೇರಿಸು’ ಎಂದು ಅದಕ್ಕೇ ಅಪ್ಪಣೆ ಕೊಟ್ಟ. ಆಮೇಲೆ 2024ರ ಟಾಹೊ ಕಾರನ್ನು ಒಂದು ಡಾಲರಿಗೆ ಕೇಳಿದ. ಬಾಟ್ ಆಗಲಿ ಎಂದಿತು, ಕಾನೂನುಬದ್ಧ ಕರಾರು ಎಂದೂ ಸೇರಿಸಿತು! ಕಾರು ಅವನಿಗೆ ಸಿಗಲಿಲ್ಲ, ಆದರೆ ಜಗತ್ತಿಗೆಲ್ಲ ನಗಲು ಸಿಕ್ಕಿತು. ಇಂಥ ಎಐ ಬಾಟ್‌ಗಳ ಒಳಗಿರುವುದು ಖಾನೆಗಳಲ್ಲ, ಉತ್ತರದ ವಾಕ್ಯವನ್ನು ತಾವೇ ಕಟ್ಟುವ ಭಾಷಾ ಮಾದರಿಗಳು; ಎದುರಿಗಿರುವವರನ್ನು ಮೆಚ್ಚಿಸುವ ಸ್ವಭಾವ ಅವುಗಳಲ್ಲಿದೆ. ಗಲ್ಲಾಪೆಟ್ಟಿಗೆಯ ಮುಂದೆ ಅಂಥವರನ್ನು ಯಾರೂ ಕೂರಿಸುವುದಿಲ್ಲ.

ಆ ಹುಬ್ಬಳ್ಳಿಯವರು ಮತ್ತೆ ಬಂದರೆ ಒಂದೇ ಪ್ರಶ್ನೆ ಕೇಳಿ: ‘ಬಾಟ್‌ಗೆ ಉತ್ತರ ಗೊತ್ತಿಲ್ಲದಾಗ ಗಿರಾಕಿಯ ಸಂದೇಶ ಯಾರ ಮೊಬೈಲಿಗೆ, ಎಷ್ಟು ಹೊತ್ತಿನಲ್ಲಿ ಬರುತ್ತದೆ?’ ತಡವರಿಸಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮ್‌ಗೆ ಬಾಟ್ ಹಾಕಿಸಬಹುದೇ?
— ವ್ಯವಸ್ಥಾಪಕರು, ದಾವಣಗೆರೆ

ಡಾಕ್ಟರ್ ಯಾವ ದಿನ ಸಿಗುತ್ತಾರೆ, ಟೋಕನ್ ಸಂಖ್ಯೆ ಎಷ್ಟು, ರಕ್ತ ಪರೀಕ್ಷೆಯ ವರದಿ ಬಂದಿದೆಯೇ, ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೇ: ಇಷ್ಟಕ್ಕೆ ಧಾರಾಳವಾಗಿ ಹಾಕಿಸಿ. ನಿಮ್ಮ ರಿಸೆಪ್ಷನ್‌ನ ಹುಡುಗಿಯರು ಹರಸುತ್ತಾರೆ. ರೋಗಲಕ್ಷಣಕ್ಕೆ ಮಾತ್ರ ಬೇಡ. ಅಮೆರಿಕದಲ್ಲಿ ಆಹಾರ ಸೇವನೆಯ ಮಾನಸಿಕ ತೊಂದರೆಗಳಿಗೆ ನೆರವಾಗುವ ರಾಷ್ಟ್ರೀಯ ಸಂಘವೊಂದು ‘ಟೆಸ್ಸಾ’ ಎಂಬ ಬಾಟ್ ಇಟ್ಟಿತ್ತು. ಊಟ ಬಿಟ್ಟು ಸೊರಗುವವರು ಬರುವ ಜಾಗದಲ್ಲಿ ಅದು ತೂಕ ಇಳಿಸುವ ಸಲಹೆ ಕೊಟ್ಟಿತು. 2023ರಲ್ಲಿ ಅದನ್ನು ಕಿತ್ತುಹಾಕಿದರು.

ಹಾಕಿಸಿದ ದಿನವೇ ಒಂದು ಪರೀಕ್ಷೆ ಮಾಡಿ. ರಾತ್ರಿ ಹನ್ನೊಂದಕ್ಕೆ ‘ಎದೆ ನೋವು’ ಎಂದು ಬರೆದು ನೋಡಿ. ಹೃದ್ರೋಗ ತಜ್ಞರ ಅಪಾಯಿಂಟ್‌ಮೆಂಟ್ ಸೋಮವಾರಕ್ಕಿದೆ ಎಂದು ಅದು ಹೇಳಿದರೆ ಅಲ್ಲೇ ನಿಲ್ಲಿಸಿ. ಅದು ಹೇಳಬೇಕಾದ್ದು 108 ಮತ್ತು ನಿಮ್ಮ ತುರ್ತು ವಿಭಾಗದ ನಂಬರ್, ಬೇರೇನೂ ಅಲ್ಲ.

ಪ್ರಶ್ನೆ: ಅಡಿಕೆ ತೋಟದ ರೋಗಕ್ಕೆ ಔಷಧ ಕಂಪನಿಯ ವಾಟ್ಸ್‌ಆ್ಯಪ್ ಬಾಟ್‌ಗೆ ಫೋಟೊ ಕಳಿಸಿದರೆ ತಕ್ಷಣ ಔಷಧದ ಹೆಸರು ಬರುತ್ತದೆ. ನಂಬಬಹುದೇ?
— ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಬಂದ ಹೆಸರು ಯಾವ ಕಂಪನಿಯ ಔಷಧದ್ದು? ಅದೇ ಕಂಪನಿಯದ್ದೇ? ಅರ್ಧ ಉತ್ತರ ನಿಮಗೆ ಸಿಕ್ಕಿತು.

ಉಳಿದರ್ಧಕ್ಕೆ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಕೇಳಿ ಅದನ್ನು ಒರೆಗೆ ಹಚ್ಚಿ. ಕೊಳೆರೋಗಕ್ಕೆ ಶೇ 1ರ ಬೋರ್ಡೊ ದ್ರಾವಣ ಮಾಡುವುದು ಹೇಗೆಂದು ಕೇಳಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅಳತೆಯನ್ನು ಯಾವ ಬಾಟ್ ಬೇಕಾದರೂ ಹೇಳೀತು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು ಎನ್ನುತ್ತದೆಯೇ? ಕಬ್ಬಿಣದ ಪಾತ್ರೆ ಬೇಡ ಎನ್ನುತ್ತದೆಯೇ? ಹದ ನೋಡಲು ಕತ್ತಿಯ ಅಲಗು ಅದ್ದಿ, ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕು ಎಂಬುದು ಅದಕ್ಕೆ ಗೊತ್ತಿದೆಯೇ? ನಿಮ್ಮ ತೋಟದ ಕೆಲಸದವರಿಗೆ ಗೊತ್ತಿರುವಷ್ಟೂ ಅದಕ್ಕೆ ಗೊತ್ತಿಲ್ಲದಿದ್ದರೆ, ಎಲೆಚುಕ್ಕೆ ರೋಗದ ಬಗ್ಗೆ ಅದರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ತೀರ್ಮಾನಿಸಿ.

ಕೃಷಿಯಲ್ಲಿ ಬಾಟ್ ಪೂರ್ತಿ ನಿರುಪಯೋಗಿ ಎಂದಲ್ಲ. ಕೇಂದ್ರ ಸರ್ಕಾರ 2023ರಲ್ಲಿ ತಂದ ‘ಕಿಸಾನ್ ಇ-ಮಿತ್ರ’ಕ್ಕೆ ಪಿಎಂ ಕಿಸಾನ್ ಕಂತು ಯಾಕೆ ಬಂದಿಲ್ಲ ಎಂದು ಕೇಳಬಹುದು. ಅದು ದಾಖಲೆ ನೋಡಿ ಹೇಳುವ ಕೆಲಸ. ರೋಗಕ್ಕೆ ಮಾತ್ರ ಕಿಸಾನ್ ಕಾಲ್ ಸೆಂಟರ್‌ಗೆ ಕರೆ ಮಾಡಿ: 1800-180-1551. ಕನ್ನಡದಲ್ಲೇ ಮನುಷ್ಯರು ಮಾತಾಡುತ್ತಾರೆ.

ಪ್ರಶ್ನೆ: ವಿಮಾನ ಟಿಕೆಟ್ ರದ್ದು ಮಾಡಿದರೆ ಪೂರ್ತಿ ಹಣ ಬರುತ್ತದೆ ಎಂದು ಕಂಪನಿಯ ಬಾಟ್ ಹೇಳಿತು. ರದ್ದು ಮಾಡಿದ ಮೇಲೆ ‘ಬಾಟ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ’ ಎನ್ನುತ್ತಿದ್ದಾರೆ.
— ಓದುಗರು, ಮಂಗಳೂರು

ಈ ವಾದವನ್ನು ಏರ್ ಕೆನಡಾ ಮಾಡಿ ಸೋತಿದೆ. ಅಜ್ಜಿ ತೀರಿಕೊಂಡರೆಂದು 2022ರಲ್ಲಿ ವ್ಯಾಂಕೂವರ್‌ನಿಂದ ಟೊರಾಂಟೊಗೆ ಹೊರಟಿದ್ದ ಪ್ರಯಾಣಿಕನೊಬ್ಬನಿಗೆ ಆ ಕಂಪನಿಯ ಚಾಟ್‌ಬಾಟ್, ಈಗ ಟಿಕೆಟ್ ಕೊಳ್ಳಿ, 90 ದಿನಗಳೊಳಗೆ ಅರ್ಜಿ ಹಾಕಿದರೆ ಸಾವಿನ ಸಂದರ್ಭದ ರಿಯಾಯಿತಿ ಸಿಗುತ್ತದೆ ಎಂದಿತು. ಅರ್ಜಿ ಹಾಕಿದಾಗ, ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ, ಅದು ನಮ್ಮ ವೆಬ್‌ಸೈಟ್‌ನಲ್ಲೇ ಇದೆ ಎಂದರು. ಬ್ರಿಟಿಷ್ ಕೊಲಂಬಿಯಾದ ಸಿವಿಲ್ ನ್ಯಾಯಮಂಡಳಿಯ ಮುಂದೆ ಕಂಪನಿ ಹೂಡಿದ ವಾದವನ್ನು ಮಂಡಳಿ ಅರ್ಥಮಾಡಿಕೊಂಡದ್ದು ಹೀಗೆ: ಚಾಟ್‌ಬಾಟ್ ಬೇರೆಯೇ ಒಂದು ವ್ಯಕ್ತಿ, ತನ್ನ ಮಾತಿಗೆ ತಾನೇ ಹೊಣೆ! ವೆಬ್‌ಸೈಟ್‌ನ ಪುಟವಾಗಲಿ ಬಾಟ್ ಆಗಲಿ, ಎರಡೂ ನಿಮ್ಮವೇ ಎಂದು ಮಂಡಳಿ 2024ರ ಫೆಬ್ರುವರಿಯಲ್ಲಿ ತೀರ್ಪಿತ್ತು, 650.88 ಕೆನಡಾ ಡಾಲರ್ ಪರಿಹಾರ, ಅದರ ಮೇಲೆ ಬಡ್ಡಿ ಮತ್ತು ಶುಲ್ಕ ಕೊಡಿಸಿತು. ಹಣ ಚಿಕ್ಕದು. ಆದರೆ ನಮ್ಮ ಕಚೇರಿಯಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ.

ಆ ತೀರ್ಪು ಇಲ್ಲಿನ ಗ್ರಾಹಕ ಆಯೋಗವನ್ನು ಕಟ್ಟಿಹಾಕುವುದಿಲ್ಲ. ಆದರೂ ನಿಮ್ಮ ಅಹವಾಲು ಗಟ್ಟಿಯಾಗಿದೆ, ಸಾಕ್ಷ್ಯ ಇದ್ದರೆ. ಬಾಟ್ ಹೇಳಿದ್ದರ ಸ್ಕ್ರೀನ್‌ಶಾಟ್ ಇದೆಯೇ? ದಿನಾಂಕ, ವೇಳೆ ಕಾಣುತ್ತದೆಯೇ? ಇದ್ದರೆ ಮೊದಲು ಕಂಪನಿಗೆ ಇ-ಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಗಳ ಆ್ಯಪ್‌ನಲ್ಲಿ ಹಳೆಯ ಚಾಟ್ ಕೆಲವೊಮ್ಮೆ ಮಾಯವಾಗುತ್ತದೆ, ಆದ್ದರಿಂದ ಈ ಪುಟ ಓದಿ ಮುಗಿಸುವ ಮೊದಲೇ ಚಿತ್ರ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಬಾಟ್‌ಗೆ ‘ಧನ್ಯವಾದ’ ಹೇಳುವ ಅಭ್ಯಾಸ ನನಗಿದೆ. ಮೊಮ್ಮಕ್ಕಳು ನಗುತ್ತಾರೆ.
— ಗೃಹಿಣಿ, ಶಿರಸಿ

ನಗಲಿ ಬಿಡಿ, ಅಮ್ಮ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಝೆನ್‌ಬಾಮ್ ‘ಎಲೈಜಾ’ ಎಂಬ ಮೊದಲ ಚಾಟ್‌ಬಾಟ್ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದಕ್ಕೆ ಬರುತ್ತಿದ್ದುದು. ಅದು ಹೇಗೆ ತಯಾರಾಯಿತೆಂದು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗಿಳಿದು, ಸ್ವಲ್ಪ ಹೊತ್ತಿಗೆ ‘ನೀವು ಹೊರಗೆ ಹೋಗುತ್ತೀರಾ’ ಎಂದು ವೈಝೆನ್‌ಬಾಮ್‌ರನ್ನೇ ಕೇಳಿದರಂತೆ. ನೀವು ಬರೀ ಧನ್ಯವಾದ ಹೇಳುತ್ತೀರಿ.

ಪ್ರಶ್ನೆ: ಕನ್ನಡ ಎಂ.ಎ. ಮಾಡಿದ್ದೇನೆ. ಚಾಟ್‌ಬಾಟ್ ಕಂಪನಿಗಳಲ್ಲಿ ನನ್ನಂಥವರಿಗೆ ಕೆಲಸ ಇದೆಯೇ? ಅಥವಾ ಆ ಕೆಲಸವನ್ನೂ ಯಂತ್ರವೇ ಮಾಡುತ್ತದೆಯೇ?
— ಉದ್ಯೋಗಾಕಾಂಕ್ಷಿ, ಧಾರವಾಡ

ಎರಡೂ ನಿಜ. ಸ್ವೀಡನ್ನಿನ ಕ್ಲಾರ್ನಾ ಎಂಬ ಪಾವತಿ ಕಂಪನಿ 2024ರಲ್ಲಿ, ತನ್ನ ಎಐ ಸಹಾಯಕ 700 ಸಿಬ್ಬಂದಿಯ ಕೆಲಸ ಮಾಡುತ್ತಿದೆ ಎಂದು ಡಂಗುರ ಸಾರಿತು. 2025ರಲ್ಲಿ ಗ್ರಾಹಕ ಸೇವೆಗೆ ಮತ್ತೆ ಮನುಷ್ಯರನ್ನು ತೆಗೆದುಕೊಳ್ಳಲು ಹೊರಟಿತು. ಕಾಲ್ ಸೆಂಟರ್‌ನ ಕುರ್ಚಿಗಳು ಕಡಿಮೆಯಾಗುತ್ತವೆ, ಉಳಿದ ಕುರ್ಚಿಗಳಿಗೆ ಕಠಿಣ ಕರೆಗಳಷ್ಟೇ ಬರುತ್ತವೆ ಎಂದು ನಾನು ತಿಳಿದಿದ್ದೇನೆ.

ಕನ್ನಡ ಬಲ್ಲವರಿಗೆ ಕೆಲಸ ಇರುವುದು ಬೇರೆ ಕಡೆ. ಕಾರ್ಡ್ ಕಳೆದುಹೋಗಿದೆ ಎಂಬುದನ್ನು ಜನ ಹೇಗೆ ಬರೆಯುತ್ತಾರೆ? ಒಬ್ಬರು ‘ಕಾರ್ಡು ಕಳಕೊಂಡೆ’, ಇನ್ನೊಬ್ಬರು ‘ಪರ್ಸ್ ಯಾರೋ ಹೊಡೆದರು’, ಮತ್ತೊಬ್ಬರು ‘ಬಸ್ಸಿನಲ್ಲಿ ಬಿಟ್ಟು ಬಂದೆ, ಏನು ಮಾಡಲಿ’. ಕೊನೆಯ ಎರಡರಲ್ಲಿ ಕಾರ್ಡ್ ಎಂಬ ಪದವೇ ಇಲ್ಲ. ಇದರ ಮೇಲೆ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ, ಪ್ರತಿಯೊಬ್ಬರದೂ ಒಂದೊಂದು ಕಾಗುಣಿತ. ನಿಮ್ಮ ಊರಿನವರ ಬರವಣಿಗೆ ಮಂಡ್ಯದವರದಕ್ಕಿಂತ ಬೇರೆ. ಇವನ್ನೆಲ್ಲ ಕಲೆಹಾಕಿ ಸರಿಯಾದ ಖಾನೆಗೆ ಸೇರಿಸುವವರು, ಬಾಟ್‌ನ ಉತ್ತರ ಓದಿ ತಪ್ಪು ಹಿಡಿಯುವವರು ಬೇಕು. ಇಂಗ್ಲಿಷ್ ಸಂಭಾಷಣೆಯನ್ನು ಅನುವಾದ ಯಂತ್ರಕ್ಕೆ ಕೊಟ್ಟು ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು’ ಎಂದು ಬರೆಸಿ ಕೈತೊಳೆದುಕೊಳ್ಳುವ ಕಂಪನಿಗಳೂ ಇವೆ, ಅಂಥಲ್ಲಿ ನಿಮಗೆ ಕೆಲಸವಿಲ್ಲ.

ಇಕ್ಕಟ್ಟುಗಳೂ ವಿಚಿತ್ರ. ವಾಟ್ಸ್‌ಆ್ಯಪ್ ಬಾಟ್‌ನ ಒಂದು ಸಂದೇಶದಡಿ ಉತ್ತರದ ಗುಂಡಿಗಳು ಮೂರೇ, ಒಂದೊಂದರ ಮೇಲೆ 20 ಅಕ್ಷರಗಳೇ. ಕನ್ನಡದಲ್ಲಿ ಗುಣಿತಚಿಹ್ನೆ, ಸೊನ್ನೆ, ಒತ್ತಕ್ಷರದ ಒಳಗೆ ಅಡಗಿರುವ ವಿರಾಮ ಚಿಹ್ನೆ (್), ಪದಗಳ ನಡುವಿನ ಖಾಲಿ ಜಾಗ ಎಲ್ಲವೂ ಒಂದೊಂದು ಅಕ್ಷರವೆಂದೇ ಲೆಕ್ಕ. ‘ಸಿಬ್ಬಂದಿಯೊಂದಿಗೆ ಮಾತಾಡಿ’ ಎಂದರೆ 22, ಹಿಡಿಸುವುದಿಲ್ಲ. ‘ಸಿಬ್ಬಂದಿ ಬೇಕು’ ಎಂದರೆ 13, ಹಿಡಿಸುತ್ತದೆ. ಅದನ್ನು ಮೊದಲ ಪರದೆಯಲ್ಲೇ ಇಡಬೇಕೆಂದು ನಾನು, ಐದನೆಯ ಪರದೆಯಾಚೆ ಇಡಬೇಕೆಂದು ಬಾಟ್ ಮಾಡಿಸಿಕೊಳ್ಳುವ ಕಂಪನಿ: ಈ ಕೆಲಸದಲ್ಲಿ ಜಗಳವೆಂದರೆ ಬಹುತೇಕ ಇದೊಂದೇ.

ಸಂದರ್ಶನಕ್ಕೆ ಹೋಗುವಾಗ ಪದವಿ ಪ್ರಮಾಣಪತ್ರದ ಜೊತೆ ಒಂದು ಹಾಳೆಯನ್ನೂ ಒಯ್ಯಿರಿ. ‘ಕರೆಂಟ್ ಬಿಲ್ ಜಾಸ್ತಿ ಬಂದಿದೆ’ ಎಂಬುದನ್ನು ನಿಮ್ಮ ಮನೆಯವರು, ಓಣಿಯವರು, ಬಳ್ಳಾರಿಯ ಗೆಳೆಯ, ಉಡುಪಿಯ ಅತ್ತೆ ಹೇಗೆಲ್ಲ ಬರೆಯುತ್ತಾರೆಂದು ಅವರ ಮೊಬೈಲಿನಿಂದಲೇ ಕಳಿಸಿಕೊಂಡು, ಇದ್ದ ಹಾಗೆಯೇ ಅದರಲ್ಲಿ ಬರೆದಿಟ್ಟುಕೊಳ್ಳಿ. ತಿದ್ದಬೇಡಿ.